ನಾರ್ಮನ್ ಹೋಲ್ಟರ್

ನಾರ್ಮನ್ ಜೆಫರಿಸ್ ಹೋಲ್ಟರ್ (ಫೆಬ್ರವರಿ 1, 1914 – ಜುಲೈ 21, 1983) ಅಮೆರಿಕದ ಜೈವಭೌತ ವಿಜ್ಞಾನಿ. ರೋಗಿಯು ತನ್ನ ದಿನನಿತ್ಯದ ಕೆಲಸಗಳಲ್ಲಿ ತೊಡಗಿರುವಾಗಲೇ ಅವನ ಹೃದಯದ ವಿದ್ಯುತ್ ಚಟುವಟಿಕೆಯನ್ನು ಗಂಟೆಗಟ್ಟಲೆ ದಾಖಲಿಸುವ, ಮೈಮೇಲೆ ಧರಿಸಬಹುದಾದ ಸಾಧನವನ್ನು ರೂಪಿಸಿದವರು ಇವರು. ಆ ಸಾಧನವು ಇಂದು ಜಗತ್ತಿನಾದ್ಯಂತ 'ಹೋಲ್ಟರ್ ಮಾನಿಟರ್' ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಆಸ್ಪತ್ರೆಯಿಂದ ಮನೆಗೆ ಮರಳಿದ ರೋಗಿಗಳ ನಾಡಿ, ಉಸಿರಾಟ, ರಕ್ತದಲ್ಲಿನ ಆಮ್ಲಜನಕ ಮೊದಲಾದ ಜೀವಸೂಚಕಗಳನ್ನು ಗಮನಿಸುವ ಇಂದಿನ ಧರಿಸುವ ಸಾಧನಗಳ ಪರಂಪರೆಯಲ್ಲಿ ಹೋಲ್ಟರ್ ಅವರ ಕೆಲಸಕ್ಕೆ ಮೊದಲ ಸ್ಥಾನವಿದೆ. ಅವರು ವೈದ್ಯರಾಗಿರಲಿಲ್ಲ. ರಸಾಯನ ವಿಜ್ಞಾನ ಮತ್ತು ಭೌತವಿಜ್ಞಾನಗಳಲ್ಲಿ ತರಬೇತಿ ಪಡೆದು, ತಮ್ಮ ಊರಾದ ಮೊಂಟಾನಾ ರಾಜ್ಯದ ಹೆಲೆನಾದಲ್ಲಿ ಖಾಸಗಿ ಪ್ರಯೋಗಾಲಯ ಸ್ಥಾಪಿಸಿ ಈ ಸಂಶೋಧನೆಯನ್ನು ನಡೆಸಿದರು.

ಕುಟುಂಬ ಮತ್ತು ಬಾಲ್ಯ

ಹೋಲ್ಟರ್ ಅವರು ಹೆಲೆನಾ ನಗರದಲ್ಲಿ ಜನಿಸಿದರು. ಅವರ ಅಜ್ಜ ಆಂಟನ್ ಹೋಲ್ಟರ್ ನಾರ್ವೆ ದೇಶದಿಂದ ವಲಸೆ ಬಂದವರು. 1863ರಲ್ಲಿ, ಚಿನ್ನದ ಶೋಧಕ್ಕಾಗಿ ಜನ ಮೊಂಟಾನಾದತ್ತ ಹರಿದುಬರುತ್ತಿದ್ದ ಕಾಲದಲ್ಲಿ, ಅಲ್ಲಿ ಮರ ಕೊಯ್ಯುವ ಗಿರಣಿಯನ್ನು ಆರಂಭಿಸಿದ ಆಂಟನ್, ಮುಂದೆ ಗಣಿಗಾರಿಕೆ, ಕಬ್ಬಿಣದ ಸಾಮಾನುಗಳ ವ್ಯಾಪಾರ ಹಾಗೂ ವಿದ್ಯುತ್ ಉದ್ಯಮಗಳಲ್ಲಿ ಹೆಸರು ಮಾಡಿದರು. ಮಿಸೌರಿ ನದಿಗೆ ಕಟ್ಟಿರುವ ಹೋಲ್ಟರ್ ಅಣೆಕಟ್ಟು ಅವರ ಹೆಸರನ್ನೇ ಹೊಂದಿದೆ. ಯಂತ್ರ, ಲೋಹ ಮತ್ತು ವಿದ್ಯುತ್ತಿನ ವ್ಯವಹಾರವಿದ್ದ ಈ ಮನೆತನದಲ್ಲಿ ಬೆಳೆದ ನಾರ್ಮನ್ ಅವರಿಗೆ ಆಪ್ತರು ಇಟ್ಟ ಹೆಸರು 'ಜೆಫ್'. ಕುಟುಂಬದ ಆರ್ಥಿಕ ಅನುಕೂಲವು ಮುಂದೆ ಅವರ ಸ್ವತಂತ್ರ ಸಂಶೋಧನೆಗೆ ಆಧಾರವಾಯಿತು.

ಶಿಕ್ಷಣ

ಹೆಲೆನಾದ ಕ್ಯಾರೊಲ್ ಕಾಲೇಜಿನಲ್ಲಿ ಓದಿದ ಹೋಲ್ಟರ್, ಅನಂತರ ಕ್ಯಾಲಿಫೋರ್ನಿಯಾಕ್ಕೆ ತೆರಳಿ ರಸಾಯನ ವಿಜ್ಞಾನ ಮತ್ತು ಭೌತವಿಜ್ಞಾನ ಎರಡರಲ್ಲಿಯೂ ಸ್ನಾತಕೋತ್ತರ ಪದವಿ ಪಡೆದರು. ಜರ್ಮನಿಯ ಹೈಡೆಲ್‌ಬರ್ಗ್ ಹಾಗೂ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯಗಳಲ್ಲಿ, ಓಕ್ ರಿಜ್‌ನ ಪರಮಾಣು ಅಧ್ಯಯನ ಸಂಸ್ಥೆಯಲ್ಲಿ ಮತ್ತು ಒರೆಗಾನ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಉನ್ನತ ಅಧ್ಯಯನವನ್ನೂ ನಡೆಸಿದರು.

ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಜೋಸೆಫ್ ಗೆಂಗೆರೆಲ್ಲಿ ಅವರ ಪರಿಚಯ ಹೋಲ್ಟರ್ ಅವರ ಜೀವನಕ್ಕೆ ದಿಕ್ಕು ನೀಡಿತು. ತಂತಿಯನ್ನು ನೇರವಾಗಿ ತಾಗಿಸದೆ, ದೂರದ ವಿದ್ಯುತ್ ಕ್ಷೇತ್ರದ ಮೂಲಕವೇ ನರವನ್ನು ಪ್ರಚೋದಿಸಬಹುದೇ ಎಂಬುದು ಇಬ್ಬರ ಕುತೂಹಲವಾಗಿತ್ತು. ಕಪ್ಪೆಗಳ ನರಗಳ ಮೇಲೆ ಅವರು ನಡೆಸಿದ ಈ ಪ್ರಯೋಗಗಳು 1941ರಲ್ಲಿ ಪ್ರಕಟವಾದವು. ಹೊರಗಿನಿಂದ ಸಂಕೇತವನ್ನು ದೇಹದೊಳಗೆ ಕಳುಹಿಸಲು ಸಾಧ್ಯವಾದರೆ, ದೇಹದೊಳಗಿನ ಸಂಕೇತವನ್ನು ತಂತಿಯಿಲ್ಲದೆ ಹೊರಗೆ ಪಡೆಯುವುದೂ ಸಾಧ್ಯವಾಗಬೇಕು ಎಂಬ ಆಲೋಚನೆಯು ಈ ಹಂತದಲ್ಲಿಯೇ ಅವರ ಮುಂದಿನ ಕೆಲಸಕ್ಕೆ ಬೀಜವಾಯಿತು.

ಯುದ್ಧಕಾಲ ಮತ್ತು ಬಿಕಿನಿ

ಎರಡನೆಯ ಮಹಾಯುದ್ಧದ ಅವಧಿಯಲ್ಲಿ ಹೋಲ್ಟರ್ ಅವರು ಅಮೆರಿಕದ ನೌಕಾಪಡೆಯಲ್ಲಿ ಹಿರಿಯ ಭೌತವಿಜ್ಞಾನಿಯಾಗಿ ಸಮುದ್ರದ ಅಲೆಗಳ ಗುಣಲಕ್ಷಣಗಳನ್ನು ಅಧ್ಯಯನ ಮಾಡಿದರು. ಯುದ್ಧದ ನಂತರ, 1946ರ ಜುಲೈ ತಿಂಗಳಲ್ಲಿ ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಎರಡು ಪರಮಾಣು ಬಾಂಬುಗಳನ್ನು ಪರೀಕ್ಷಾರ್ಥವಾಗಿ ಸ್ಫೋಟಿಸಿತು. ಒಂದನ್ನು ಗಾಳಿಯಲ್ಲಿ, ಮತ್ತೊಂದನ್ನು ನೀರಿನಡಿಯಲ್ಲಿ ಸಿಡಿಸಲಾಯಿತು. ಈ ಪರೀಕ್ಷೆಗಳಿಗೆ ಸಂಬಂಧಿಸಿದ ಸರ್ಕಾರಿ ಸಂಶೋಧನಾ ತಂಡವೊಂದರ ನೇತೃತ್ವವನ್ನು ಹೋಲ್ಟರ್ ವಹಿಸಿದ್ದರು. ಪರೀಕ್ಷೆಗೆ ಮುನ್ನ ದ್ವೀಪದ ಮೂಲ ನಿವಾಸಿಗಳನ್ನು ಬೇರೆಡೆಗೆ ಸಾಗಿಸಲಾಗಿತ್ತು. ವಿಕಿರಣದ ಕಾರಣದಿಂದ ಅವರು ತಮ್ಮ ನೆಲಕ್ಕೆ ಶಾಶ್ವತವಾಗಿ ಮರಳಲಾಗಲಿಲ್ಲ.

ಮನುಷ್ಯ ನಿಲ್ಲಲಾಗದ ಸ್ಥಳದಲ್ಲಿ ಉಪಕರಣವನ್ನು ಇರಿಸಿ, ಅದರ ಅಳತೆಯನ್ನು ದೂರದಲ್ಲಿ ಪಡೆಯುವ ವಿಧಾನಗಳು ಈ ಅವಧಿಯಲ್ಲಿ ವೇಗವಾಗಿ ಬೆಳೆದವು. ರೇಡಿಯೊ ಮೂಲಕ ಅಳತೆಗಳನ್ನು ರವಾನಿಸುವ ಈ ತಂತ್ರಜ್ಞಾನವನ್ನು ಶಾಂತಿಕಾಲದಲ್ಲಿ ಮನುಷ್ಯ ದೇಹದ ಅಧ್ಯಯನಕ್ಕೆ ತಿರುಗಿಸಿದವರಲ್ಲಿ ಹೋಲ್ಟರ್ ಮೊದಲಿಗರು.

ಹಿನ್ನೆಲೆ: ಹೋಲ್ಟರ್ ಅವರಿಗಿಂತ ಮೊದಲು ಇಸಿಜಿ

ಹೋಲ್ಟರ್ ಅವರ ಕೊಡುಗೆಯನ್ನು ಅರಿಯಲು ಇಸಿಜಿಯ (ಹೃದಯದ ವಿದ್ಯುಲ್ಲೇಖ) ಹಿಂದಿನ ಇತಿಹಾಸವನ್ನು ಗಮನಿಸುವುದು ಅಗತ್ಯ. ಹೃದಯದ ಪ್ರತಿ ಬಡಿತಕ್ಕೂ ಮೊದಲು ಅದರ ಸ್ನಾಯುಗಳಲ್ಲಿ ವಿದ್ಯುತ್ ಅಲೆಯೊಂದು ಹರಿಯುತ್ತದೆ. ಚರ್ಮದ ಮೇಲೆ ಅದರ ಪ್ರಮಾಣ ಸುಮಾರು ಒಂದು ಮಿಲಿವೋಲ್ಟ್ ಮಾತ್ರ. ನೆದರ್ಲೆಂಡ್ಸ್‌ನ ವಿಲ್ಲೆಮ್ ಐಂಥೋವೆನ್ ಅವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ಅಲೆಯನ್ನು ನಿಖರವಾಗಿ ದಾಖಲಿಸುವ ತಂತು ಗ್ಯಾಲ್ವನೋಮೀಟರನ್ನು ನಿರ್ಮಿಸಿದರು. ಆ ಯಂತ್ರದ ತೂಕ ಸುಮಾರು 270 ಕಿಲೋಗ್ರಾಂ. ಅದನ್ನು ನಡೆಸಲು ಐದು ಜನ ಬೇಕಾಗುತ್ತಿತ್ತು. ರೋಗಿಯು ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಟ್ಟು ಕೂರಬೇಕಾಗಿತ್ತು. ಯಂತ್ರವನ್ನು ಆಸ್ಪತ್ರೆಗೆ ಒಯ್ಯಲಾಗದ ಕಾರಣ ಐಂಥೋವೆನ್ ಅವರು 1905ರಲ್ಲಿ ಲೈಡನ್ ನಗರದ ಆಸ್ಪತ್ರೆಯಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿದ್ದ ತಮ್ಮ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯ ಮೂಲಕವೇ ಸಂಕೇತಗಳನ್ನು ತರಿಸಿಕೊಂಡರು. ಈ ಕ್ಷೇತ್ರದ ಕೆಲಸಕ್ಕಾಗಿ ಅವರಿಗೆ 1924ರ ನೊಬೆಲ್ ಪ್ರಶಸ್ತಿ ದೊರೆಯಿತು.

ಮುಂದಿನ ದಶಕಗಳಲ್ಲಿ ಇಸಿಜಿ ಯಂತ್ರಗಳು ಚಿಕ್ಕದಾದವು. ಆದರೆ ಒಂದು ಮೂಲಭೂತ ಮಿತಿ ಹಾಗೆಯೇ ಉಳಿಯಿತು. ರೋಗಿಯು ಅಲುಗಾಡದೆ ಮಲಗಿರಬೇಕಾಗಿತ್ತು ಮತ್ತು ದಾಖಲೆಯು ಕೆಲವೇ ಕ್ಷಣಗಳದ್ದಾಗಿರುತ್ತಿತ್ತು. ನಿಮಿಷಕ್ಕೆ 70 ಬಾರಿ ಬಡಿಯುವ ಹೃದಯವು ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಬಾರಿ ಬಡಿಯುತ್ತದೆ. ಹತ್ತು ಸೆಕೆಂಡುಗಳ ಇಸಿಜಿಯಲ್ಲಿ ಕಾಣುವುದು ಅವುಗಳಲ್ಲಿ ಹನ್ನೆರಡರಷ್ಟು ಬಡಿತಗಳು. ಮೆಟ್ಟಿಲು ಹತ್ತುವಾಗ, ಹೊಲದಲ್ಲಿ ದುಡಿಯುವಾಗ, ಸಿಟ್ಟು ಬಂದಾಗ ಅಥವಾ ನಿದ್ರೆಯಲ್ಲಿ ಹೃದಯದ ಲಯ ತಪ್ಪಿದರೆ, ವೈದ್ಯರ ಕೊಠಡಿಯಲ್ಲಿ ಅದರ ಕುರುಹು ಸಿಗುತ್ತಿರಲಿಲ್ಲ. ಎದೆ ಢವಗುಟ್ಟಿತು, ಕಣ್ಣು ಕತ್ತಲಿಟ್ಟಿತು ಎಂದು ದೂರಿದ ಎಷ್ಟೋ ರೋಗಿಗಳ ಇಸಿಜಿ ಸರಿಯಾಗಿಯೇ ಇದ್ದು, ಅವರ ತೊಂದರೆಯನ್ನು ಮನಸ್ಸಿನ ಭಯವೆಂದು ಬಗೆಯುವ ಸಾಧ್ಯತೆ ಇತ್ತು.

ಹೆಲೆನಾದ ಪ್ರಯೋಗಾಲಯ

1947ರಲ್ಲಿ ಹೋಲ್ಟರ್ ಅವರು ಹೆಲೆನಾಕ್ಕೆ ಮರಳಿ ಹೋಲ್ಟರ್ ಸಂಶೋಧನಾ ಪ್ರತಿಷ್ಠಾನವನ್ನು ಸ್ಥಾಪಿಸಿದರು. ದೊಡ್ಡ ವಿಶ್ವವಿದ್ಯಾಲಯವಾಗಲಿ, ಬೋಧನಾ ಆಸ್ಪತ್ರೆಯಾಗಲಿ ಇಲ್ಲದ ಸಣ್ಣ ಊರಿನಲ್ಲಿ ಇಂಥ ಸಂಸ್ಥೆಯನ್ನು ಆರಂಭಿಸುವುದು ಆ ಕಾಲಕ್ಕೆ ಅಪರೂಪದ ಸಂಗತಿಯಾಗಿತ್ತು. ಮುಂದೆ ಈ ಪ್ರಯೋಗಾಲಯವು ಊರಿನ ಹಳೆಯ ರೈಲು ನಿಲ್ದಾಣದ ಕಟ್ಟಡದಲ್ಲಿ ನಡೆಯಿತು.

ಮೊದಲಿಗೆ ಹೋಲ್ಟರ್ ಮತ್ತು ಗೆಂಗೆರೆಲ್ಲಿ ಅವರ ಗಮನವಿದ್ದುದು ಮಿದುಳಿನ ಮೇಲೆ. ಚಲಿಸುತ್ತಿರುವ ಮನುಷ್ಯನ ಮಿದುಳಿನ ವಿದ್ಯುತ್ ಸಂಕೇತಗಳನ್ನು ರೇಡಿಯೊ ಮೂಲಕ ಪಡೆಯಲು ಅವರು ಪ್ರಯತ್ನಿಸಿದರು. ದೇಹದ ಮಾಹಿತಿಯನ್ನು ರೇಡಿಯೊ ಮೂಲಕ ದೂರದಲ್ಲಿ ದಾಖಲಿಸುವ ಕುರಿತು ಇಬ್ಬರೂ ಸೇರಿ ಬರೆದ ಲೇಖನವು 1949ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಆದರೆ ನೆತ್ತಿಯ ಮೇಲೆ ದೊರೆಯುವ ಮಿದುಳಿನ ಸಂಕೇತಗಳು ಮಿಲಿವೋಲ್ಟಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಹೃದಯದ ಸಂಕೇತವು ಅದಕ್ಕಿಂತ ಹತ್ತು ಪಟ್ಟಿನಷ್ಟು ಪ್ರಬಲವಾದುದರಿಂದ ಅದನ್ನು ಹಿಡಿಯುವುದು ಸುಲಭವಾಗಿತ್ತು. ಹೃದ್ರೋಗದಿಂದ ಸಾಯುವವರ ಸಂಖ್ಯೆಯೂ ಅಮೆರಿಕದಲ್ಲಿ ಆಗ ಅಧಿಕವಾಗಿತ್ತು. ಅಮೆರಿಕದ ಪ್ರಸಿದ್ಧ ಹೃದ್ರೋಗ ತಜ್ಞ ಪಾಲ್ ಡಡ್ಲಿ ವೈಟ್ ಅವರ ಪ್ರೋತ್ಸಾಹವೂ ದೊರೆತು, ಹೋಲ್ಟರ್ ಹೃದಯದ ಅಧ್ಯಯನಕ್ಕೆ ತಮ್ಮನ್ನು ಒಪ್ಪಿಸಿಕೊಂಡರು.

ಮೊದಲ ಸಾಧನ

ಹೋಲ್ಟರ್ ಅವರ ಮೊದಲ ರೇಡಿಯೊ ಇಸಿಜಿ ಸಾಧನದ ತೂಕ ಸುಮಾರು 38 ಕಿಲೋಗ್ರಾಂ. ರೇಡಿಯೊ ವಾಲ್ವುಗಳು ಮತ್ತು ಬ್ಯಾಟರಿಗಳಿಂದ ತುಂಬಿದ್ದ ಅದನ್ನು ಬೆನ್ನಿಗೆ ಕಟ್ಟಿಕೊಳ್ಳಬೇಕಾಗಿತ್ತು. ಹೋಲ್ಟರ್ ಸ್ವತಃ ಅದನ್ನು ಹೊತ್ತು, ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ಕುಳಿತು, ವ್ಯಾಯಾಮದ ವೇಳೆ ತಮ್ಮ ಹೃದಯದ ಸಂಕೇತಗಳನ್ನು ರವಾನಿಸಿದರು. ರೋಗಿಗೆ ತೊಡಿಸಲು ಅದು ಯೋಗ್ಯವಾಗಿರಲಿಲ್ಲವಾದರೂ, ದುಡಿಯುತ್ತಿರುವ ದೇಹದ ಇಸಿಜಿಯನ್ನು ಪಡೆಯಬಹುದೆಂಬುದು ಅದರಿಂದ ಖಚಿತವಾಯಿತು.

1947ರ ಕೊನೆಯಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಟ್ರಾನ್ಸಿಸ್ಟರ್ ಆವಿಷ್ಕಾರವಾಯಿತು. 1950ರ ದಶಕದಲ್ಲಿ ಟ್ರಾನ್ಸಿಸ್ಟರುಗಳು ಬಳಕೆಗೆ ಬಂದಂತೆ ವಾಲ್ವುಗಳೂ ಅವುಗಳನ್ನು ಕಾಯಿಸಲು ಬೇಕಾಗಿದ್ದ ಭಾರಿ ಬ್ಯಾಟರಿಗಳೂ ಅನಗತ್ಯವಾದವು. ಸಹೋದ್ಯೋಗಿ ಡಬ್ಲ್ಯು. ಆರ್. ಗ್ಲಾಸ್‌ಕಾಕ್ ಅವರೊಡನೆ ಹೋಲ್ಟರ್ ಸಾಧನವನ್ನು ಹಂತಹಂತವಾಗಿ ಕುಗ್ಗಿಸುತ್ತ ಬಂದರು. ರೇಡಿಯೊ ಇಸಿಜಿ ಕುರಿತ ಹೋಲ್ಟರ್ ಅವರ ಪ್ರಬಂಧವು 1957ರಲ್ಲಿ ನ್ಯೂಯಾರ್ಕ್ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ರೇಡಿಯೊದಿಂದ ಟೇಪಿಗೆ

ರೇಡಿಯೊ ವಿಧಾನಕ್ಕೆ ಒಂದು ತೊಡಕಿತ್ತು. ಪ್ರೇಷಕದ ವ್ಯಾಪ್ತಿ ಸೀಮಿತವಾಗಿದ್ದುದರಿಂದ ರೋಗಿಯು ಗ್ರಾಹಕ ಯಂತ್ರದ ಹತ್ತಿರದಲ್ಲೇ ಇರಬೇಕಾಗಿತ್ತು. ಮನೆಗೆ, ಅಂಗಡಿಗೆ, ಕೆಲಸಕ್ಕೆ ಹೋದವನ ಸಂಕೇತಗಳು ಪ್ರಯೋಗಾಲಯವನ್ನು ತಲುಪುತ್ತಿರಲಿಲ್ಲ. ಆದ್ದರಿಂದ ಹೋಲ್ಟರ್ ರೇಡಿಯೊವನ್ನು ಬದಿಗಿರಿಸಿ, ಸಂಕೇತಗಳನ್ನು ರೋಗಿಯ ಮೈಮೇಲಿನ ಪುಟ್ಟ ಟೇಪ್ ರೆಕಾರ್ಡರಿನಲ್ಲಿಯೇ ದಾಖಲಿಸುವ ಮಾರ್ಗವನ್ನು ಆಯ್ದುಕೊಂಡರು. ಎದೆಗೆ ಅಂಟಿಸಿದ ಎಲೆಕ್ಟ್ರೋಡುಗಳಿಂದ ಬಂದ ಸಂಕೇತವು ಕಾಂತೀಯ ಟೇಪಿನ ಮೇಲೆ ನಿರಂತರವಾಗಿ ಹತ್ತು ಗಂಟೆಗಳ ಕಾಲ ಮುದ್ರಿತವಾಗುತ್ತಿತ್ತು.

ಇದರಿಂದ ಮತ್ತೊಂದು ಸಮಸ್ಯೆ ತಲೆದೋರಿತು. ಹತ್ತು ಗಂಟೆಗಳ ದಾಖಲೆಯನ್ನು ಓದಲು ವೈದ್ಯರಿಗೂ ಹತ್ತು ಗಂಟೆ ಬೇಕಾದರೆ ಆ ಸಾಧನದಿಂದ ಪ್ರಯೋಜನವಿಲ್ಲ. ಇದಕ್ಕೆ ಹೋಲ್ಟರ್ ಅವರು ಕಂಡುಕೊಂಡ ಪರಿಹಾರವೂ ಮೂಲ ಸಾಧನದಷ್ಟೇ ಮುಖ್ಯವಾದುದು. ಟೇಪನ್ನು ದಾಖಲಾದ ವೇಗದ ಅರುವತ್ತು ಪಟ್ಟು ವೇಗದಲ್ಲಿ ಓಡಿಸಿದರೆ ಹತ್ತು ಗಂಟೆಗಳ ದಾಖಲೆ ಹತ್ತು ನಿಮಿಷಗಳಲ್ಲಿ ಮುಗಿಯುತ್ತದೆ. ಹೀಗೆ ಓಡಿಸುವಾಗ ಪರದೆಯ ಮೇಲೆ ಪ್ರತಿ ಬಡಿತದ ಚಿತ್ರವು ಹಿಂದಿನ ಬಡಿತದ ಚಿತ್ರದ ಮೇಲೆಯೇ ಮೂಡುವಂತೆ ಅವರು ಏರ್ಪಡಿಸಿದರು. ಎಲ್ಲ ಬಡಿತಗಳೂ ಒಂದೇ ಬಗೆಯಾಗಿದ್ದರೆ ಚಿತ್ರ ಸ್ಥಿರವಾಗಿ ಕಾಣುತ್ತದೆ. ಒಂದು ಬಡಿತ ಬೇರೆಯಾದರೂ ಅದು ಚಿತ್ರದಿಂದ ಹೊರಗೆ ಜಿಗಿದಂತೆ ಕಣ್ಣಿಗೆ ಬೀಳುತ್ತದೆ. ಜೊತೆಗೆ ಸಂಕೇತವನ್ನು ಧ್ವನಿಯಾಗಿಯೂ ಕೇಳಿಸಲಾಗುತ್ತಿತ್ತು. ನಿಮಿಷಕ್ಕೆ 72 ಬಾರಿ ಬಡಿಯುವ ಹೃದಯವು ಅರುವತ್ತು ಪಟ್ಟು ವೇಗದಲ್ಲಿ ಸೆಕೆಂಡಿಗೆ 72 ಕಂಪನಗಳ ತಗ್ಗಿದ ಗುಂಯ್‌ಗುಡುವಿಕೆಯಾಗಿ ಕೇಳುತ್ತದೆ. ಬಡಿತದ ವೇಗ ಬದಲಾದರೆ ಸ್ವರ ಬದಲಾಗುತ್ತದೆ, ಲಯ ತಪ್ಪಿದರೆ ಸ್ವರ ಒಡೆಯುತ್ತದೆ. ಹೀಗೆ ಕಣ್ಣು ಮತ್ತು ಕಿವಿಗಳೆರಡರ ನೆರವಿನಿಂದ ಸಾವಿರಾರು ಬಡಿತಗಳ ನಡುವೆ ಅಡಗಿದ್ದ ಒಂದೇ ಒಂದು ದೋಷವನ್ನು ಗುರುತಿಸುವುದು ಸಾಧ್ಯವಾಯಿತು.

ಈ ವಿಧಾನವನ್ನು ವಿವರಿಸುವ ಹೋಲ್ಟರ್ ಅವರ ಪ್ರಬಂಧವು 1961ರ ಅಕ್ಟೋಬರ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಕ್ರಿಯಾಶೀಲ ಮನುಷ್ಯನ ಹೃದಯವನ್ನು ದೀರ್ಘಕಾಲ ಅಧ್ಯಯನ ಮಾಡುವ ಹೊಸ ವಿಧಾನವಾಗಿ ಅದು ವೈದ್ಯಲೋಕದ ಗಮನ ಸೆಳೆಯಿತು. ಲಾಸ್ ಏಂಜಲಿಸ್‌ನ ಹೃದ್ರೋಗ ತಜ್ಞ ಎಲಿಯಟ್ ಕೋರ್ಡೇ ಅವರು ಇದರ ವೈದ್ಯಕೀಯ ಮಹತ್ವವನ್ನು ಗುರುತಿಸಿದರು. ಬ್ರೂಸ್ ಡೆಲ್ ಮಾರ್ ಅವರ ಡೆಲ್ ಮಾರ್ ಏವಿಯಾನಿಕ್ಸ್ ಸಂಸ್ಥೆಯು ಸಾಧನವನ್ನು ವಾಣಿಜ್ಯ ಮಟ್ಟದಲ್ಲಿ ತಯಾರಿಸುವ ಹೊಣೆ ಹೊತ್ತಿತು. 1965ರಲ್ಲಿ ಹೋಲ್ಟರ್ ಮತ್ತು ಗ್ಲಾಸ್‌ಕಾಕ್ ಅವರಿಗೆ ಇದರ ಅಮೆರಿಕನ್ ಪೇಟೆಂಟ್ ದೊರೆಯಿತು.

ವೈದ್ಯಕೀಯದಲ್ಲಿ ಬಳಕೆ

ಹೋಲ್ಟರ್ ಪರೀಕ್ಷೆಯು ಸಾಮಾನ್ಯವಾಗಿ 24 ಅಥವಾ 48 ಗಂಟೆಗಳ ಕಾಲ ನಡೆಯುತ್ತದೆ. ಎದೆಯ ಮೇಲೆ ಕೆಲವು ಎಲೆಕ್ಟ್ರೋಡುಗಳನ್ನು ಅಂಟಿಸಿ, ಅವುಗಳ ತಂತಿಗಳನ್ನು ಸೊಂಟಕ್ಕೆ ಅಥವಾ ಕೊರಳಿಗೆ ತೂಗುಹಾಕಿದ ಚಿಕ್ಕ ಪೆಟ್ಟಿಗೆಗೆ ಜೋಡಿಸಲಾಗುತ್ತದೆ. ಟೇಪಿನ ಸ್ಥಾನವನ್ನು ಈಗ ಡಿಜಿಟಲ್ ಸ್ಮೃತಿಕೋಶ ಪಡೆದಿದೆ. ರೋಗಿಯು ಎಂದಿನಂತೆ ನಡೆದಾಡಿ, ಉಂಡು, ಮಲಗಬೇಕು. ಸಾಮಾನ್ಯ ಬಗೆಯ ಸಾಧನಗಳನ್ನು ಧರಿಸಿರುವಾಗ ಸ್ನಾನ ಮಾಡಬಾರದು. ಎದೆನೋವು, ತಲೆಸುತ್ತು, ಎದೆ ಢವಗುಟ್ಟುವಿಕೆ ಉಂಟಾದಾಗ ಗಂಟೆಯನ್ನೂ ಆಗ ಮಾಡುತ್ತಿದ್ದ ಕೆಲಸವನ್ನೂ ಬರೆದಿಡಬೇಕು. ದಾಖಲೆಯಲ್ಲಿ ಕಂಡ ಲಯದ ಬದಲಾವಣೆಯನ್ನು ಈ ಬರಹದೊಡನೆ ಹೋಲಿಸಿದಾಗಲೇ ತೊಂದರೆಗೂ ಹೃದಯಕ್ಕೂ ಸಂಬಂಧವಿದೆಯೇ ಎಂಬುದು ತಿಳಿಯುತ್ತದೆ.

ಈ ಪರೀಕ್ಷೆಯನ್ನು ಮುಖ್ಯವಾಗಿ ಕೆಳಗಿನ ಸಂದರ್ಭಗಳಲ್ಲಿ ಮಾಡಲಾಗುತ್ತದೆ.

• ಕಾರಣ ತಿಳಿಯದೆ ಮೂರ್ಛೆ ಹೋಗುವವರಲ್ಲಿ, ಹೃದಯವು ಕೆಲವು ಸೆಕೆಂಡುಗಳ ಕಾಲ ಬಡಿಯದೆ ನಿಲ್ಲುತ್ತಿದೆಯೇ ಎಂದು ತಿಳಿಯಲು
• ಬಂದುಹೋಗುವ ಹೃತ್ಕರ್ಣ ಕಂಪನವನ್ನು ಪತ್ತೆಹಚ್ಚಲು. ಇದು ಪಾರ್ಶ್ವವಾಯುವಿಗೆ ಕಾರಣವಾಗಬಲ್ಲದು
• ಹೃದಯಾಘಾತ ಅಥವಾ ಹೃದಯ ಶಸ್ತ್ರಚಿಕಿತ್ಸೆಯ ನಂತರ ಚೇತರಿಸಿಕೊಳ್ಳುತ್ತಿರುವವರ ಹೃದಯದ ಲಯವನ್ನು ಗಮನಿಸಲು
• ಪೇಸ್‌ಮೇಕರ್ ಮತ್ತು ಔಷಧಿಗಳ ಪರಿಣಾಮವನ್ನು ಪರಿಶೀಲಿಸಲು

ಮಿತಿಗಳು ಮತ್ತು ಒಂದು ಪಾಠ

ಹೋಲ್ಟರ್ ಮಾನಿಟರ್ ದಾಖಲಿಸುವ ಸಾಧನವೇ ಹೊರತು ಎಚ್ಚರಿಸುವ ಸಾಧನವಲ್ಲ. ದಾಖಲೆಯನ್ನು ಅನಂತರ ಓದಲಾಗುವುದರಿಂದ, ಧರಿಸಿರುವ ವೇಳೆಯಲ್ಲಿಯೇ ಅಪಾಯ ಉಂಟಾದರೆ ಅದು ಯಾರಿಗೂ ಸುದ್ದಿ ಮುಟ್ಟಿಸುವುದಿಲ್ಲ. ತಿಂಗಳಿಗೊಮ್ಮೆ ಬರುವ ತೊಂದರೆಯು ಒಂದು ದಿನದ ದಾಖಲೆಯಲ್ಲಿ ಸಿಗದಿರುವ ಸಾಧ್ಯತೆಯೂ ಹೆಚ್ಚು.

ಕಂಡುದನ್ನೆಲ್ಲ ಚಿಕಿತ್ಸೆಗೆ ಒಳಪಡಿಸುವುದು ಸರಿಯಲ್ಲ ಎಂಬ ಪಾಠವನ್ನೂ ಈ ಸಾಧನದ ಇತಿಹಾಸ ಕಲಿಸಿದೆ. ಹೃದಯಾಘಾತದಿಂದ ಬದುಕಿ ಉಳಿದವರ ಹೋಲ್ಟರ್ ದಾಖಲೆಗಳಲ್ಲಿ ನಡುನಡುವೆ ಅಕಾಲಿಕ ಬಡಿತಗಳು ಕಾಣಿಸುತ್ತಿದ್ದವು. ಅಂಥವರಿಗೆ ಹಠಾತ್ ಸಾವಿನ ಅಪಾಯ ಹೆಚ್ಚು ಎಂಬುದು ತಿಳಿದಿದ್ದ ಕಾರಣ, ಆ ಬಡಿತಗಳನ್ನು ಅಡಗಿಸುವ ಔಷಧಿಗಳನ್ನು ನೀಡುವ ಪದ್ಧತಿ ಬೆಳೆಯಿತು. ಇದನ್ನು ಪರೀಕ್ಷಿಸಲು ಅಮೆರಿಕದಲ್ಲಿ ನಡೆದ 'ಕ್ಯಾಸ್ಟ್' ಎಂಬ ಅಧ್ಯಯನದ ಫಲಿತಾಂಶ 1989ರಲ್ಲಿ ಹೊರಬಂದಿತು. ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಔಷಧಿಗಳು ಅಕಾಲಿಕ ಬಡಿತಗಳನ್ನು ಅಡಗಿಸಿದರೂ, ಅವುಗಳನ್ನು ಸೇವಿಸಿದವರಲ್ಲಿ ಸಾವು ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ದಾಖಲೆ ಸುಧಾರಿಸುವುದೂ ರೋಗಿ ಸುಧಾರಿಸುವುದೂ ಒಂದೇ ಅಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು. ಇಂದಿನ ಧರಿಸುವ ಸಾಧನಗಳು ನೀಡುವ ಅಂಕಿಗಳನ್ನು ಓದುವವರಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ.

ಇತರ ಕಾರ್ಯಗಳು ಮತ್ತು ಕೊನೆಯ ವರ್ಷಗಳು

ಹೃದಯದ ಅಧ್ಯಯನದ ಜೊತೆಗೆ ಹೋಲ್ಟರ್ ಅವರು ಅಮೆರಿಕದ ಪರಮಾಣು ಶಕ್ತಿ ಆಯೋಗದೊಡನೆ ಕೆಲಸ ಮುಂದುವರಿಸಿದರು. ವಿಕಿರಣಶೀಲ ವಸ್ತುಗಳನ್ನು ರೋಗ ಪತ್ತೆಗೂ ಚಿಕಿತ್ಸೆಗೂ ಬಳಸುವ ಪರಮಾಣು ವೈದ್ಯಶಾಸ್ತ್ರವು ಆಗ ರೂಪುಗೊಳ್ಳುತ್ತಿತ್ತು. ಆ ಕ್ಷೇತ್ರದ ಸೊಸೈಟಿ ಆಫ್ ನ್ಯೂಕ್ಲಿಯರ್ ಮೆಡಿಸಿನ್ ಸಂಸ್ಥೆಯ ಆರಂಭದ ವರ್ಷಗಳಲ್ಲಿ ಸಕ್ರಿಯರಾಗಿದ್ದ ಅವರು 1955–56ರಲ್ಲಿ ಅದರ ಅಧ್ಯಕ್ಷರಾಗಿದ್ದರು. 1964ರಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, ಅಲ್ಲಿನ ಭೂಭೌತ ಮತ್ತು ಗ್ರಹಭೌತ ವಿಜ್ಞಾನ ಸಂಸ್ಥೆಯ ಚಟುವಟಿಕೆಗಳಲ್ಲಿ ತೊಡಗಿದರು. 1979ರಲ್ಲಿ ವೈದ್ಯಕೀಯ ಉಪಕರಣಗಳ ಕ್ಷೇತ್ರದ ಲಾಫ್ಮನ್–ಗ್ರೇಟ್‌ಬ್ಯಾಚ್ ಪ್ರಶಸ್ತಿ ಅವರಿಗೆ ಸಂದಿತು. 1983ರ ಜುಲೈ 21ರಂದು, 69ನೆಯ ವಯಸ್ಸಿನಲ್ಲಿ, ಹುಟ್ಟೂರಾದ ಹೆಲೆನಾದಲ್ಲಿ ನಿಧನ ಹೊಂದಿದರು.

ನಂತರದ ಧರಿಸುವ ಸಾಧನಗಳು

ಹೋಲ್ಟರ್ ಅವರ ನಂತರ ಧರಿಸುವ ಸಾಧನಗಳು ಹಲವು ದಿಕ್ಕುಗಳಲ್ಲಿ ಬೆಳೆದವು. ತಂತಿಗಳಿಲ್ಲದೆ ಎದೆಗೆ ಅಂಟಿಕೊಂಡು ಎರಡು ವಾರಗಳವರೆಗೆ ದಾಖಲಿಸುವ ಪಟ್ಟಿಗಳು, ಚರ್ಮದಡಿಯಲ್ಲಿ ಇರಿಸುವ ಚಿಕ್ಕ ದಾಖಲೆ ಯಂತ್ರಗಳು, ದಿನವಿಡೀ ನಿಗದಿತ ಅವಧಿಗೊಮ್ಮೆ ರಕ್ತದೊತ್ತಡ ಅಳೆಯುವ ತೋಳುಪಟ್ಟಿಗಳು ಬಳಕೆಗೆ ಬಂದವು. ಜಪಾನಿನ ತಾಕುವೊ ಅಯೋಯಾಗಿ ಅವರು 1970ರ ದಶಕದಲ್ಲಿ ರೂಪಿಸಿದ ತತ್ತ್ವದ ಮೇಲೆ ಕೆಲಸ ಮಾಡುವ ಪಲ್ಸ್ ಆಕ್ಸಿಮೀಟರ್, ಬೆರಳಿನ ಮೂಲಕ ಬೆಳಕನ್ನು ಹಾಯಿಸಿ ರಕ್ತದ ಆಮ್ಲಜನಕವನ್ನೂ ನಾಡಿಯನ್ನೂ ಅಳೆಯುತ್ತದೆ. 2020ರಿಂದ ಕೋವಿಡ್ ಕಾಲದಲ್ಲಿ ಮನೆಯಲ್ಲೇ ಪ್ರತ್ಯೇಕವಾಗಿದ್ದ ರೋಗಿಗಳ ಮೂಲಕ ಇದು ಭಾರತದ ಮನೆಮನೆಗೂ ಪರಿಚಿತವಾಯಿತು. ಚರ್ಮದ ಬಣ್ಣ ಗಾಢವಾಗಿರುವವರಲ್ಲಿ ಇದು ಆಮ್ಲಜನಕದ ಮಟ್ಟವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸಬಹುದೆಂದು ಅದೇ ವರ್ಷ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು. ಕೈಗಡಿಯಾರದಲ್ಲಿಯೇ ಇಸಿಜಿ ತೆಗೆಯುವ ಸೌಲಭ್ಯ 2018ರಲ್ಲಿ ಆಪಲ್ ಗಡಿಯಾರದ ಮೂಲಕ ಜನಬಳಕೆಗೆ ಬಂದಿತು. ಬೆಂಗಳೂರಿನ ಡೋಝೀ ಸಂಸ್ಥೆಯ ಸಾಧನವು ಮೈಗೆ ತಾಗುವುದೇ ಇಲ್ಲ. ಹಾಸಿಗೆಯಡಿಯ ಹಾಳೆಯು ದೇಹದ ಸೂಕ್ಷ್ಮ ಕಂಪನಗಳಿಂದ ಹೃದಯಬಡಿತ ಮತ್ತು ಉಸಿರಾಟವನ್ನು ಅಳೆಯುತ್ತದೆ.

ಈ ಸಾಧನಗಳಲ್ಲಿ ಹಲವು ತಮ್ಮ ಅಳತೆಗಳನ್ನು ಮೊಬೈಲ್ ಜಾಲದ ಮೂಲಕ ವೈದ್ಯರಿಗೆ ಕಳುಹಿಸುತ್ತವೆ. ವ್ಯಾಪ್ತಿ ಸಾಲದೆಂಬ ಕಾರಣಕ್ಕೆ ಹೋಲ್ಟರ್ ಅವರು ಬದಿಗಿರಿಸಿದ್ದ ರೇಡಿಯೊ ವಿಧಾನವೇ ಹೀಗೆ ಬೇರೊಂದು ರೂಪದಲ್ಲಿ ಮರಳಿ ಬಂದಿದೆ. ವ್ಯಾಪ್ತಿಯ ಪ್ರಶ್ನೆಯೂ ಪೂರ್ಣವಾಗಿ ಮುಗಿದಿಲ್ಲ. ಮೊಬೈಲ್ ಸಂಕೇತ ದೊರೆಯದ ಕಡೆ ಈ ಸಾಧನಗಳೂ ಅಳತೆಯನ್ನು ತಮ್ಮಲ್ಲೇ ಕೂಡಿಟ್ಟುಕೊಳ್ಳಬೇಕಾಗುತ್ತದೆ.

ಕರ್ನಾಟಕದ ಸಂದರ್ಭದಲ್ಲಿ

ದೂರದ ರೋಗಿಯ ಹೃದಯದ ಸಂಕೇತವನ್ನು ತಜ್ಞರ ಬಳಿಗೆ ತರುವ ಪ್ರಯತ್ನಗಳು ಕರ್ನಾಟಕದಲ್ಲಿಯೂ ನಡೆದಿವೆ. 2002ರಲ್ಲಿ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳನ್ನು ಬೆಂಗಳೂರಿನ ನಾರಾಯಣ ಹೃದಯಾಲಯದೊಡನೆ ಜೋಡಿಸಲಾಯಿತು. ರಾಜ್ಯ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಪರಿಶೀಲಿಸುತ್ತಾರೆ. ಹೃದಯಾಘಾತ ಖಚಿತವಾದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ತಾಲ್ಲೂಕಿನಲ್ಲಿಯೇ ಉಚಿತವಾಗಿ ನೀಡಲಾಗುತ್ತದೆ. 1905ರಲ್ಲಿ ಐಂಥೋವೆನ್ ಒಂದೂವರೆ ಕಿಲೋಮೀಟರಿಗೆ ಮಾಡಿ ತೋರಿಸಿದ ಕೆಲಸವು ಇಲ್ಲಿ ನೂರಾರು ಕಿಲೋಮೀಟರುಗಳಿಗೆ ವಿಸ್ತರಿಸಿದೆ.

ಇಂಥ ವ್ಯವಸ್ಥೆಯು ಹೃದಯಾಘಾತದ ಮೊದಲ ಗಂಟೆಗಳಿಗೆ ಸಂಬಂಧಿಸಿದುದು. ಹೋಲ್ಟರ್ ಅವರ ಕಾಳಜಿ ಅದಕ್ಕಿಂತ ಭಿನ್ನವಾಗಿ, ರೋಗಿ ಮನೆಗೆ ಮರಳಿದ ನಂತರದ ದಿನಗಳಿಗೆ ಸೇರಿದ್ದು. ರಾಯಚೂರು ಜಿಲ್ಲೆಯ ಮೂರು ನೆರೆಯ ತಾಲ್ಲೂಕುಗಳ ಉದಾಹರಣೆಯಿಂದ ಇದನ್ನು ವಿವರಿಸಬಹುದು: ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆಯಾದ ಸಿಂಧನೂರು, ಹಟ್ಟಿ ಚಿನ್ನದ ಗಣಿಯಿರುವ ಲಿಂಗಸುಗೂರು, ಅಶೋಕನ ಶಾಸನದಿಂದ ಹೆಸರಾದ ಮಸ್ಕಿ. ಇಲ್ಲಿಂದ ಬೆಂಗಳೂರು ಸುಮಾರು 400 ಕಿಲೋಮೀಟರ್ ದೂರದಲ್ಲಿದೆ. ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಅಥವಾ ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗುವುದಾದರೂ ದಿನದ ಕೂಲಿ ಬಿಟ್ಟು ಪ್ರಯಾಣ ಮಾಡಬೇಕು. ಸ್ಟೆಂಟ್ ಹಾಕಿಸಿಕೊಂಡು ಅಥವಾ ಬೈಪಾಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಹಳ್ಳಿಗೆ ಮರಳಿದವರಿಗೆ ಹೋಲ್ಟರ್ ಪರೀಕ್ಷೆಯೆಂದರೆ ಎರಡು ಪ್ರಯಾಣ: ಸಾಧನ ತೊಡಿಸಿಕೊಳ್ಳಲು ಒಮ್ಮೆ, ಹಿಂದಿರುಗಿಸಲು ಇನ್ನೊಮ್ಮೆ. ಎರಡು ಪ್ರಯಾಣ ತಪ್ಪಿಸಲು ರೋಗಿಯು ನಗರದಲ್ಲಿಯೇ ಉಳಿದು ಇಡೀ ದಿನ ಕುಳಿತು ಕಳೆದರೆ ದಾಖಲೆ ದೊರೆಯುತ್ತದೆ, ಆದರೆ ಅದು ಅವನ ನಿಜವಾದ ದಿನದ ದಾಖಲೆಯಾಗುವುದಿಲ್ಲ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡುವಾಗ, ತಲೆಯ ಮೇಲೆ ಹೊರೆ ಹೊತ್ತಾಗ ಹೃದಯ ಹೇಗೆ ವರ್ತಿಸುತ್ತದೆ ಎಂಬುದು ಅದರಲ್ಲಿ ಕಾಣುವುದಿಲ್ಲ.

ಬಳಕೆಯಲ್ಲಿ ಇನ್ನೂ ಕೆಲವು ಪ್ರಾಯೋಗಿಕ ಸಂಗತಿಗಳಿವೆ. ಬೇಸಿಗೆಯಲ್ಲಿ ಈ ಭಾಗದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಬೆವರಿಗೆ ಎಲೆಕ್ಟ್ರೋಡುಗಳು ಸಡಿಲವಾಗಬಹುದು. ಸಡಿಲವಾದ ಎಲೆಕ್ಟ್ರೋಡಿನ ಗೆರೆಯು ಲಯದ ದೋಷವನ್ನೇ ಹೋಲಬಹುದು. ಓದುಬರಹ ಬಾರದ ರೋಗಿಯ ಪರವಾಗಿ ತೊಂದರೆಯ ಸಮಯವನ್ನು ಮನೆಯವರು ಬರೆದಿಡಬೇಕಾಗುತ್ತದೆ. ಇಲ್ಲವೇ ಸಾಧನದ ಮೇಲಿನ ಗುಂಡಿಯನ್ನು ಆ ಕ್ಷಣಕ್ಕೆ ಒತ್ತುವುದನ್ನು ಕಲಿಸಿಕೊಡಬೇಕಾಗುತ್ತದೆ. ದಾಖಲೆ ಕಳುಹಿಸುವ ಜಾಲವಿದ್ದರೂ ಅದನ್ನು ಓದಿ, ರೋಗಿಗೆ ಕರೆ ಮಾಡುವವರು ಇನ್ನೊಂದು ತುದಿಯಲ್ಲಿ ಇಲ್ಲದಿದ್ದರೆ ಸಾಧನದಿಂದ ಪ್ರಯೋಜನವಾಗದು. ಎದೆನೋವು, ಉಸಿರುಕಟ್ಟುವಿಕೆ ಅಥವಾ ಪ್ರಜ್ಞೆ ತಪ್ಪುವಿಕೆ ಉಂಟಾದಾಗ ಯಾವುದೇ ಸಾಧನದ ಅಂಕಿಗಾಗಿ ಕಾಯದೆ 108 ಸಂಖ್ಯೆಗೆ ಕರೆ ಮಾಡಿ ಆಸ್ಪತ್ರೆ ಸೇರುವುದೇ ಸರಿಯಾದ ಕ್ರಮ.

ಸ್ಮರಣೆ

ಹೆಲೆನಾ ನಗರದ ಹೋಲ್ಟರ್ ಕಲಾ ಸಂಗ್ರಹಾಲಯವು ಈ ಕುಟುಂಬದ ಹೆಸರನ್ನು ಉಳಿಸಿಕೊಂಡಿದೆ. ಆದರೆ ನಾರ್ಮನ್ ಹೋಲ್ಟರ್ ಅವರ ಹೆಸರು ಹೆಚ್ಚಾಗಿ ಬಳಕೆಯಾಗುವುದು ಆಸ್ಪತ್ರೆಗಳಲ್ಲಿ. ವೈದ್ಯರ ಚೀಟಿಯಲ್ಲಿ ಹೋಲ್ಟರ್ ಎಂಬ ಪದವು ಈಗ ಒಬ್ಬ ವ್ಯಕ್ತಿಯ ಹೆಸರಾಗಿರದೆ ಒಂದು ಪರೀಕ್ಷೆಯ ಹೆಸರಾಗಿ ನಿಂತಿದೆ. ರೋಗಿಯನ್ನು ಯಂತ್ರದ ಬಳಿಗೆ ಕರೆತರುವ ಬದಲು ಯಂತ್ರವನ್ನೇ ರೋಗಿಯ ದಿನಚರಿಯೊಳಕ್ಕೆ ಕಳುಹಿಸಬೇಕೆಂಬ ಅವರ ತತ್ತ್ವವು, ಮನೆಯಲ್ಲಿ ಚೇತರಿಸಿಕೊಳ್ಳುವ ರೋಗಿಗಳಿಗಾಗಿ ರೂಪುಗೊಳ್ಳುತ್ತಿರುವ ಎಲ್ಲ ಧರಿಸುವ ಸಾಧನಗಳಿಗೂ ತಳಹದಿಯಾಗಿದೆ.